ಮಜ್ಜಿಗೆ ಕೊಟ್ಟ ಮನೆ

ಅಕ್ಟೋಬರ್ ೫, ೨೦೨೪, ಶನಿವಾರ. ತ್ಸುಕುಬಾ, ಜಪಾನ್

ಸೈಕಲ್ಲಿನ ಚೈನು ಮತ್ತೆ ಕಳಚಿತು. ಇಪ್ಪತ್ತೇಳು ವರ್ಷ ಸರ್ಕಾರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತವಳು ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೈಯೆಲ್ಲ ಮಸಿ ಮಾಡಿಕೊಂಡು, ಹತ್ತು ನಿಮಿಷದಲ್ಲಿ ಹಾಕಿದೆ. ಹೋದ ತಿಂಗಳು ಇಪ್ಪತ್ತೈದು ನಿಮಿಷ ಹಿಡಿದಿತ್ತು. ಪ್ರಗತಿ ತೃಪ್ತಿಕರ.

ಈ ದಿನಚರಿ ಕನ್ನಡದಲ್ಲೇ ಮುಂದುವರಿಯತಕ್ಕದ್ದು. ನನ್ನ ಕಥೆಗಳಿಗೆ ಬಂಗಾಳಿ ಇದೆ, ವರದಿಗಳಿಗೆ ಇಂಗ್ಲಿಷ್ ಇದೆ. ಕನ್ನಡ ನಾನು ಕರ್ನಾಟಕಕ್ಕೆ ಅಧಿಕಾರಿಯಾಗಿ ಬಂದ ಮೇಲೆ ಇಲಾಖಾ ಪರೀಕ್ಷೆಗಾಗಿ ಕಲಿತದ್ದು. ಕೋಲ್ಕತ್ತಾದಲ್ಲಿರುವ ಗಂಡನಿಗಾಗಲಿ ಮಗಳಿಗಾಗಲಿ ಒಂದಕ್ಷರ ಓದಲು ಬರುವುದಿಲ್ಲ. ಬೀಗದ ಖರ್ಚು ಉಳಿಯಿತು.

ಬಾಕಿ ಕೆಲಸಗಳು. ರಜೆ ಹಾಕಿ ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಮಾಡುತ್ತಿರುವ, ಪುನರ್ವಸತಿಯ ಬಗೆಗಿನ ನನ್ನ ಅಧ್ಯಯನ ಮಾರ್ಚ್ ಒಳಗೆ ಮುಗಿಯಬೇಕು. ಕೋಲ್ಕತ್ತಾದ ಪ್ರಕಾಶಕರು ನನ್ನ ಆಯ್ದ ಕಥೆಗಳ ಕರಡಚ್ಚು ಕಳಿಸಲಿದ್ದಾರೆ, ತಿದ್ದಬೇಕು. ದೆಹಲಿಯ ಹುದ್ದೆಗೆ ನನ್ನ ಹೆಸರಿರುವ ಕಡತ ಸಮಿತಿಯ ಮುಂದೆ ಹೋಗಿದೆಯಂತೆ. ಕಾಯಬೇಕು. ಇದೊಂದು ಮಾತ್ರ ನನ್ನ ಕೈಯಲ್ಲಿಲ್ಲ, ಆದ್ದರಿಂದ ಇದರ ಬಗ್ಗೆಯೇ ದಿನವಿಡೀ ಯೋಚಿಸುತ್ತೇನೆ.

ನಗೋಯಾದಿಂದ ಗಗನಾ ಎಂಬ ಹೆಣ್ಣುಮಗಳ ಫೋನು. ಅಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬರಬೇಕಂತೆ. "ಮೇಡಂ, ಜಪಾನಲ್ಲಿ ಕನ್ನಡ ಮಾತಾಡೋ ಬೆಂಗಾಲಿ ಐಎಎಸ್ ಆಫೀಸರ್ ಅಂದ್ರೆ ಫುಲ್ ಹೌಸ್ ಗ್ಯಾರಂಟಿ!" ಎಂದಳು. ಸರ್ಕಸ್ಸಿಗೆ ಕರೆದ ಹಾಗಿತ್ತು. ಒಪ್ಪಲಾಗಿದೆ.

ನವೆಂಬರ್ ೩, ಭಾನುವಾರ. ನಗೋಯಾದಿಂದ ಹಿಂದಿರುಗುವ ರೈಲಿನಲ್ಲಿ

ವಾರ್ಡಿನ ಸಮುದಾಯ ಭವನ. ಎಂಬತ್ತು ಜನ. ಅನ್ನದ ಕುಕ್ಕರುಗಳಲ್ಲಿ ಬಿಸಿಬೇಳೆಬಾತ್. ಮಕ್ಕಳು ಕನ್ನಡದಲ್ಲಿ ಹಾಡಿ, ವೇದಿಕೆ ಇಳಿದ ಕೂಡಲೇ ಜಪಾನಿಯಲ್ಲಿ ಜಗಳವಾಡಿದವು. ಜಲಾಶಯದ ಮುಳುಗಡೆಯಲ್ಲಿ ನಾನು ಹೇಗೆ ಅರವತ್ತು ಹಳ್ಳಿಗಳನ್ನು ಸ್ಥಳಾಂತರಿಸಿದೆ ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಊಟದ ಸಾಲಿನಲ್ಲಿ ಮೂವತ್ತರ ಆಸುಪಾಸಿನವನೊಬ್ಬ ಬಂದು ನಿಂತ. ಹೆಸರು ಬಸವರಾಜ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ('ವ' ನನ್ನ ಬಾಯಲ್ಲಿ ಇಂದಿಗೂ 'ಬ' ಆಗುತ್ತದೆ. 'ಬಸಬರಾಜ' ಎಂದೆ. ಪಾಪ, ನಗಲಿಲ್ಲ.)

"ಮೇಡಂ, ನೀವು ಎರಡು ಸಾವಿರದ ಸುಮಾರ್‌ಕ ನಮ್ಮ ಕಡೆ ಎಸಿ ಇದ್ರಲ್ರಿ? ಮುಳುಗಡೆ ಆಫೀಸ್‌ದಾಗ?"

"ಹೌದು. ಯಾವ ಊರು?"

"ಬೋರಗಟ್ಟಿ ಕೆಳಗೇರಿ. ನಮ್ಮವ್ವ ಬಂದಾಳ್ರಿ, ವಿಸಿಟರ್ ವೀಸಾದ ಮ್ಯಾಲೆ. ನಿಮ್ಮನ್ನ ನೋಡಬೇಕಂತಾಳ."

ತಾಯಿಯ ಹೆಸರು ಗಂಗವ್ವ. ಎಪ್ಪತ್ತರ ಹತ್ತಿರದ ಹೆಂಗಸು, ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು. "ನಿಮ್ಮನ್ನ ನೋಡೀನ್ರಿ ನಾ" ಎಂದು ನನ್ನ ಕೈ ಹಿಡಿದವರು ಬಿಡಲಿಲ್ಲ. ನಂತರ ವಿಷಯಕ್ಕೆ ಬಂದರು. ಸಮೀಕ್ಷೆಯ ಕಾಲಕ್ಕೆ ಕೆಳಗೇರಿಯ ಮೂವತ್ತೊಂದು ಮನೆಯವರೂ ಕಬ್ಬು ಕಡಿಯಲು ಹೋಗಿದ್ದರು. ಪಟ್ಟಿಯಲ್ಲಿ 'ವಾಸವಿಲ್ಲ' ಎಂದು ಬಂತು. ಹೊಸ ಊರಿನಲ್ಲಿ ನಿವೇಶನ ಸಿಗಲಿಲ್ಲ. ಅಂದಿನಿಂದ ಆ ಊರಿನ ಅಂಚಿಗೆ ತಗಡಿನ ಶೆಡ್ಡುಗಳಲ್ಲಿದ್ದಾರೆ, ಯಾವತ್ತು ಎಬ್ಬಿಸುತ್ತಾರೋ ಗೊತ್ತಿಲ್ಲ.

"ದೀಪಾವಳಿ ಮುಗದ ಕೂಡಲೆ ಹೋದ್ರ ಯುಗಾದಿಗೇ ಬರೂದ್ರಿ ನಾವು. ಬಾಗಲಾ ಕೀಲಿ ಹಾಕಿದ್ವಿ ಖರೆ. ಮನಿ ಬಿಟ್ಟಿದ್ದಿಲ್ಲ."

ಪಟ್ಟಿಯಲ್ಲಿ ಬಿಟ್ಟುಹೋದ ಕುಟುಂಬಗಳಿಂದ ಸರ್ಕಾರ ಈಗ ಮತ್ತೆ ಅರ್ಜಿ ಕರೆದಿದೆಯಂತೆ. ಡಿಸೆಂಬರ್ ೩೧ ಕಡೆಯ ದಿನ. ಆಗ ಅಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಕೇಳುತ್ತಾರೆ. ರೇಷನ್ ಕಾರ್ಡಿನಲ್ಲಿ ಊರಿನ ಹೆಸರಿದೆ, ಕೇರಿಯದಿಲ್ಲ. ಮನೆ ನಂಬರನ್ನು ಗೋಡೆಗೆ ಡಾಂಬರಿನಲ್ಲಿ ಬರೆದಿದ್ದರು. ಗೋಡೆ ನೀರಿನೊಳಗಿದೆ.

"ಸರ್ವೇದಾಂವ ಸುಳ್ಳು ಬರದು ಹೋದ ನೋಡ್ರಿ" ಎಂದರು ಗಂಗವ್ವ.

"ಸರ್ವೇಯರುಗಳು ಹಾಗೇ" ಎಂದೆ.

ಯಾರನ್ನು ಕಾಣಬೇಕೆಂದು ತಿಳಿಸುವುದಾಗಿ ಭರವಸೆ ನೀಡಲಾಗಿದೆ. ಬಸವರಾಜ ನನ್ನ ಜೊತೆ ಫೋಟೋ ತೆಗೆಸಿಕೊಂಡ.

ನವೆಂಬರ್ ೪, ಸೋಮವಾರ, ರಜಾ

ಪ್ರಕರಣದ ಸಾರಾಂಶ. ಸಮೀಕ್ಷೆ ನಡೆದದ್ದು ೨೦೦೦ದ ಡಿಸೆಂಬರಿನಲ್ಲಿ. ಪಟ್ಟಿ ನನ್ನ ಮೇಜಿಗೆ ಬಂದದ್ದು ಜನವರಿಯಲ್ಲಿ, ನಾಲ್ಕು ಸಾವಿರದ ಚಿಲ್ಲರೆ ಕುಟುಂಬಗಳು, ಹನ್ನೊಂದು ಸಂಪುಟ. ನಮೂನೆಯಲ್ಲಿ ಎರಡೇ ಕಲಮು: 'ವಾಸವಿದೆ', 'ವಾಸವಿಲ್ಲ'. 'ಹೋಗಿದ್ದಾರೆ, ಬರುತ್ತಾರೆ' ಎಂಬುದಕ್ಕೆ ಕಲಮು ಇರಲಿಲ್ಲ. ಇದು ನಮೂನೆಯ ದೋಷ. ಸರ್ವೇಯರನ ದೋಷವೂ ಹೌದು. ಆಗ ನನಗೆ ಇಪ್ಪತ್ತೆಂಟು ವರ್ಷ. ಅಣೆಕಟ್ಟಿನ ಗೇಟು ಮುಚ್ಚುವ ದಿನಾಂಕ ನಿಗದಿಯಾಗಿತ್ತು, ಮೇಲಿನಿಂದ ದಿನಕ್ಕೆ ನಾಲ್ಕು ಫೋನು.

ಪ್ರತಿ ಸಂಪುಟದ ಕೊನೆಗೂ ಒಂದು ಮುದ್ರಿತ ಸಾಲು ಇರುತ್ತಿತ್ತು: 'ಖುದ್ದಾಗಿ ಪರಿಶೀಲಿಸಿ ದೃಢೀಕರಿಸಿದೆ.' ಅದರ ಕೆಳಗೆ ನನ್ನ ಸಹಿ.

ಹನ್ನೊಂದು ಸಂಪುಟಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ನವೆಂಬರ್ ೧೨, ಮಂಗಳವಾರ

ಸತ್ಯನಾರಾಯಣ ಅವರಿಗೆ ಫೋನು ಮಾಡಿದೆ. ಆಗ ಯೋಜನೆಯ ಮುಖ್ಯಸ್ಥರಾಗಿದ್ದವರು, ನನ್ನ ಮೇಲಧಿಕಾರಿ. ಈಗ ನಿವೃತ್ತರಾಗಿ ಬೆಂಗಳೂರಿನಲ್ಲಿ ಬೊನ್ಸಾಯ್ ಬೆಳೆಸುತ್ತಿದ್ದಾರೆ. ಮೊದಲು ಹತ್ತು ನಿಮಿಷ ಜಪಾನಿನ ಕತ್ತರಿಗಳ ಬಗ್ಗೆ ಕೇಳಿದರು.

ಬೋರಗಟ್ಟಿ ಎಂದ ಕೂಡಲೇ ದನಿ ಬದಲಾಯಿತು. "ನೋಡಮ್ಮಾ ತಪತಿ, ಅವರಿಗೆ ಏನು ಬೇಕು? ನಂಬೋ ಅಂಥ ಒಂದು ಎವಿಡೆನ್ಸ್. ಅವತ್ತಿನ ಆಫೀಸರ್ರೇ 'ಸ್ಪಾಟಿಗೆ ಹೋಗದೆ ಸೈನ್ ಮಾಡಿದೆ' ಅಂತ ಬರೆದುಕೊಟ್ರೆ ಕೇಸ್ ನಿಲ್ಲುತ್ತೆ. ಆದ್ರೆ ಬರೆದುಕೊಟ್ಟವರು ನಿಲ್ಲಲ್ಲ. ಡಿಪಾರ್ಟ್‌ಮೆಂಟಲ್ ಎನ್ಕ್ವೈರಿ ಅಂತ ಒಂದು ಶುರುವಾದ್ರೆ ದೆಹಲಿ ಫೈಲು ಅಲ್ಲೇ ಕ್ಲೋಸ್. ದೆಹಲಿ ಆರ್ಡರ್ ಬರೋ ತನಕ, ಮಾರ್ಚ್ ತನಕ ಸುಮ್ನಿರು."

"ಕಡೆಯ ದಿನ ಡಿಸೆಂಬರ್ ಮೂವತ್ತೊಂದು, ಸರ್."

"ಎಕ್ಸ್‌ಟೆಂಡ್ ಮಾಡ್ತಾರೆ. ಯಾವಾಗಲೂ ಮಾಡ್ತಾರೆ."

ಮಾಡುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಬಸವರಾಜನಿಗೆ ಜಿಲ್ಲಾ ಕಚೇರಿಯ ಒಂದು ನಂಬರು ಕಳಿಸಿ ಕೈ ತೊಳೆದುಕೊಂಡೆ. 'ಅರಿಗಾತೋ ಮೇಡಂ' ಎಂದು ಮೂರು ಹೂವಿನ ಚಿತ್ರದ ಜೊತೆ ಧನ್ಯವಾದ ಬಂತು.

ನವೆಂಬರ್ ೧೫

ಏನೂ ಬರೆಯಲಾಗಲಿಲ್ಲ. ಸೈಕಲ್ಲಿನ ಚೈನಿಗೆ ಎಣ್ಣೆ ಹಾಕಿದೆ.

ನವೆಂಬರ್ ೨೦, ಬುಧವಾರ

ಒನೊದೆರಾ ಸಾನ್ ಜೊತೆ ಉತ್ತರದ ಕರಾವಳಿಯ ಒಂದು ಊರಿಗೆ ಹೋಗಿದ್ದೆ. ಇವರು ನಮ್ಮ ಸಂಸ್ಥೆಯಲ್ಲಿ ಸಹಾಯಕರು. ೨೦೧೧ರ ಸುನಾಮಿ ಬಂದಾಗ ಆ ಊರಿನ ಪುರಸಭೆಯಲ್ಲಿ ಗುಮಾಸ್ತರಾಗಿದ್ದರು. ಆರು ತಿಂಗಳಿಂದ ಎದುರು ಮೇಜಿನಲ್ಲಿದ್ದರೂ ಇದನ್ನು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಗುಡ್ಡದ ಮೇಲಿನ ಹೊಸ ಬಡಾವಣೆಯ ಸಭಾಂಗಣದಲ್ಲಿ ಗೋಡೆಯುದ್ದಕ್ಕೂ ಒಂದು ನಕ್ಷೆ. ಕೊಚ್ಚಿಹೋದ ಊರಿನ ಪ್ರತಿ ಮನೆಯೂ ಒಂದು ಚೌಕ, ಪ್ರತಿ ಚೌಕದಲ್ಲಿ ಹೆಸರು. ದಾಖಲೆಗಳೆಲ್ಲ ನೀರುಪಾಲಾದ ಮೇಲೆ ಜನರನ್ನು ಕೂರಿಸಿಕೊಂಡು, ನಿಮ್ಮ ಪಕ್ಕದ ಮನೆ ಯಾರದು, ಎದುರಿನದು ಯಾರದು ಎಂದು ಕೇಳಿ ಕೇಳಿ ಬರೆದದ್ದಂತೆ. ಬರೆದವರು ಒನೊದೆರಾ ಸಾನ್.

"ಮೊದಲ ಪಟ್ಟಿಯಲ್ಲಿ ಎರಡು ಮನೆ ಬಿಟ್ಟಿದ್ದೆ" ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಇಬ್ಬರ ಮನೆಗೂ ಹೋಗಿ ಸುಮಿಮಾಸೆನ್, ತಪ್ಪಾಯಿತು ಎಂದೆ. ಒಬ್ಬರು ಬೈದರು. ಇನ್ನೊಬ್ಬರು ಬಾಗಿಲು ತೆಗೆಯಲಿಲ್ಲ."

"ಆಮೇಲೆ?"

"ಮರುದಿನ ಮತ್ತೆ ಹೋದೆ. ಅದರ ಮರುದಿನವೂ."

ಅದನ್ನೊಂದು ದೊಡ್ಡ ವಿಷಯವೆಂದು ಅವರು ಹೇಳಲಿಲ್ಲ. ರೈಲಿನಲ್ಲಿ ಹೊರಗೆ ನೋಡುತ್ತ ಕೂತೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಇಂಥ ವಿಷಯಕ್ಕೆ ಹೊಟ್ಟೆಕಿಚ್ಚುಪಡುವವಳು ನಾನೊಬ್ಬಳೇ ಇರಬೇಕು.

ನವೆಂಬರ್ ೨೩, ಶನಿವಾರ

ಬೆಳಿಗ್ಗೆ ಕರಡಚ್ಚು ಬಂತು. ಇಪ್ಪತ್ತೆರಡು ಕಥೆಗಳು. ಕಾಫಿ ಮಾಡಿಕೊಂಡು, ಕೆಂಪು ಪೆನ್ನು ಹಿಡಿದು, ಹುರುಪಿನಿಂದಲೇ ಶುರುಮಾಡಿದೆ. ಏಳನೆಯ ಕಥೆ 'ಘೋಲ್'. ಅಂದರೆ ಮಜ್ಜಿಗೆ. ನನಗೆ ಹೆಸರು ತಂದದ್ದೇ ಈ ಕಥೆ. ದುರ್ಗಾಪೂಜೆಯ ವಿಶೇಷಾಂಕದಲ್ಲಿ ಬಂದಾಗ ಅಪರಿಚಿತರು ಕಾಗದ ಬರೆದಿದ್ದರು. ಇಪ್ಪತ್ತು ವರ್ಷದಿಂದ ನಾನದನ್ನು ಮತ್ತೆ ಓದಿರಲಿಲ್ಲ.

ಒಬ್ಬ ಯುವ ಅಧಿಕಾರಿಣಿ ಮುಳುಗಲಿರುವ ಹಳ್ಳಿಯ ಕೆಳಗಿನ ಕೇರಿಗೆ ಹೋಗುತ್ತಾಳೆ. ಮೂವತ್ತೊಂದು ಬಾಗಿಲು. ಬಾಗಿಲುಗಳನ್ನು ಅವಳು ಎಣಿಸುತ್ತಾಳೆ. ಒಬ್ಬ ಮುದುಕಿ ಹಿತ್ತಾಳೆ ಗಿಂಡಿಯಲ್ಲಿ ಮಜ್ಜಿಗೆ ಕೊಡುತ್ತಾಳೆ. ಒಲೆಯಲ್ಲಿ ಬೆಂಕಿ, ಹಗ್ಗದ ಮೇಲೆ ಒಣಹಾಕಿದ ಲಂಗ, ಗೋಡೆಗೆ ಡಾಂಬರಿನ ನಂಬರು. ಎಲ್ಲ ಇದೆ. ಹದಿನಾಲ್ಕು ಪುಟ ಇದೆ. ಕಥೆಯ ಕೆಳಗೆ, ನಮ್ಮವರ ಪದ್ಧತಿಯಂತೆ, ಬರೆದ ಸ್ಥಳ ಮತ್ತು ತಿಂಗಳು: ಬೋರಗಟ್ಟಿ, ಆಷಾಢ, ಬಂಗಾಬ್ದ ೧೪೦೭.

ಲೆಕ್ಕ ಹಾಕಿದೆ. ಅದು ೨೦೦೦ದ ಜೂನ್-ಜುಲೈ. ಅಚ್ಚಾದದ್ದು ಆ ಶರತ್ಕಾಲದಲ್ಲಿ. ನಾನು ಪಟ್ಟಿಗೆ ಸಹಿ ಹಾಕಿದ್ದು ಮರುವರ್ಷದ ಜನವರಿಯಲ್ಲಿ.

ನಾನು ಹೋಗಿದ್ದೆ. ಒಳಗೆ ಕೂತಿದ್ದೆ. ಅವರ ಮಜ್ಜಿಗೆ ಕುಡಿದು, ಆ ಮನೆಗಳಲ್ಲಿ ಜನರಿದ್ದಾರೆಂದು ಇಡೀ ಬಂಗಾಳಕ್ಕೆ ಸಾರಿ, ಹೊಗಳಿಸಿಕೊಂಡು, ಮೂರೇ ತಿಂಗಳಲ್ಲಿ ಅಲ್ಲಿ ಯಾರೂ ಇಲ್ಲ ಎಂದು ಸಹಿ ಮಾಡಿದೆ. ಸರ್ವೇಯರ್ ಒಮ್ಮೆ ಮಾತ್ರ, ಬೀಗ ಬಿದ್ದ ದಿನ, ಹೋಗಿದ್ದ. ಅವನು ಕಂಡದ್ದನ್ನು ಬರೆದ. ಅಲ್ಲಿ ಜನರಿದ್ದದ್ದು ಗೊತ್ತಿದ್ದವಳು ನಾನು. ಊರೂರು ತಿರುಗುವ ನೌಕರಿಯಲ್ಲಿ ಅರವತ್ತು ಹಳ್ಳಿಗಳ ಹೆಸರು ಒಂದರೊಳಗೊಂದು ಬೆರೆತುಹೋಗಿದ್ದವು ಎಂದು ಹೇಳಬಹುದು. ನಿಜವೂ ಹೌದು. ನನಗೇ ಅದು ಸಾಲಲಿಲ್ಲ.

ನಾಚಿಕೆಯಾಯಿತು. ಕೂತಲ್ಲೇ ಅತ್ತೆ. ಅತ್ತು ಮುಗಿದ ಮೇಲೂ ಡಿಸೆಂಬರ್ ೩೧ ಇದ್ದಲ್ಲೇ ಇತ್ತು, ಆದ್ದರಿಂದ ಮುಖ ತೊಳೆದುಕೊಂಡು ಕಥೆಯನ್ನು ಕನ್ನಡಕ್ಕೆ ತರಲು ಕೂತೆ.

ನವೆಂಬರ್ ೨೪, ಭಾನುವಾರ

ಸತ್ಯನಾರಾಯಣ ಅವರಿಗೆ ಹೇಳಿದೆ. ಹೇಳದೆ ಮಾಡುವುದು ಸರಿಯಲ್ಲ. ಪಟ್ಟಿಯ ಮೇಲೆ ಅವರ ಸಹಿಯೂ ಇದೆ.

"ಕಥೆ ಅಟ್ಯಾಚ್ ಮಾಡ್ತೀಯಾ? ಸರ್ಕಾರಿ ಫೈಲಿಗೆ? ತಲೆ ಕೆಟ್ಟಿದೆಯಾ ನಿಂಗೆ? ಕಥೆ ಅಂದ್ರೆ ಕಥೆ ಕಣಮ್ಮಾ. ಯಾರಾದ್ರೂ ಎವಿಡೆನ್ಸ್ ಅಂತಾರಾ?"

"ಅದು ಅಚ್ಚಾದ ತಾರೀಖಿದೆ, ಸರ್. ಮೂವತ್ತೊಂದು ಬಾಗಿಲಿದೆ. ಉಳಿದದ್ದನ್ನು ನನ್ನ ಹೇಳಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ಹೆಸರನ್ನು ನಾನಾಗಿ ಎತ್ತುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ."

ಆಮೇಲೆ, "ನಾನು ಆವತ್ತು ನಿನ್ನ ಸೈನ್ ನೋಡಿ ಸೈನ್ ಮಾಡಿದ್ದು, ಗೊತ್ತಾ?" ಎಂದರು. ಬೈಗುಳವೋ ಅಳಲೋ ತಿಳಿಯಲಿಲ್ಲ. ಫೋನು ಇಟ್ಟರು.

ಅವರ ಮೇಲೆ ಸಿಟ್ಟಿಲ್ಲ. ಎರಡು ವಾರದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ.

ನವೆಂಬರ್ ೨೭

ಕಥೆಯ ಅನುವಾದ ಮುಗಿಯಿತು. 'ಗಿಂಡಿ'ಗೆ ಸರಿಯಾದ ಮಾತು ಬಂಗಾಳಿಯಲ್ಲಿ ನನಗೆ ಸಿಕ್ಕಿರಲಿಲ್ಲ, 'ಘಟಿ' ಎಂದು ಸುಮ್ಮನಾಗಿದ್ದೆ. ಈಗ ಸರಿಹೋಯಿತು.

ನಾಳೆ ಟೋಕಿಯೋದ ರಾಯಭಾರ ಕಚೇರಿಗೆ ಫೋನು ಮಾಡಿ, ಹೇಳಿಕೆಯನ್ನು ದೃಢೀಕರಿಸಲು ಏನೇನು ಬೇಕೆಂದು ಕೇಳಬೇಕು. ಗಂಗವ್ವ ಡಿಸೆಂಬರ್ ಎಂಟಕ್ಕೆ ಊರಿಗೆ ಹೊರಡುತ್ತಾರೆ. ಅವರ ಕೈಯಲ್ಲೇ ಕಳಿಸುತ್ತೇನೆ. ಆದರೆ ಅದಕ್ಕೆ ಮೊದಲು ಹೋಗಿ ಎದುರು ಕೂತು ಹೇಳಬೇಕು. ಬಸವರಾಜನಿಗೆ ಮೆಸೇಜು ಮಾಡಿದೆ, ಭಾನುವಾರ ಬರುತ್ತೇನೆಂದು. 'ವೆಲ್ಕಮ್ ಮೇಡಂ, ರೊಟ್ಟಿ ಊಟ' ಎಂದು ಬರೆದ. ರೈಲಿನ ಟಿಕೆಟ್ಟು ಕಾದಿರಿಸಿದೆ.

ಡಿಸೆಂಬರ್ ೧, ಭಾನುವಾರ. ನಗೋಯಾ

ಬಸವರಾಜನ ಫ್ಲಾಟು ನಾಲ್ಕನೇ ಮಹಡಿ. ಹನ್ನೊಂದಕ್ಕೆ ಮುಟ್ಟಿದೆ. ಗಂಗವ್ವ ಕಿಟಕಿಯ ಬಿಸಿಲಿಗೆ ನೆಲದ ಮೇಲೆ ಕೂತು ಮೆಂತ್ಯ ಬಿಡಿಸುತ್ತಿದ್ದರು. ಮಾತು ಊಟದ ನಂತರಕ್ಕೆ ಹೋದರೆ ನನ್ನ ಬಾಯಿ ಕಟ್ಟುತ್ತದೆಂದು ಗೊತ್ತಿತ್ತು. ಅವರೆದುರಿಗೆ ನೆಲದ ಮೇಲೆ ಕೂತು ಹೇಳಿಬಿಟ್ಟೆ. ಸರ್ವೇಯರನ ಪಟ್ಟಿಗೆ ಸಹಿ ನನ್ನದು. ಖುದ್ದಾಗಿ ನೋಡಿದ್ದೇನೆಂದು ಅದರಲ್ಲಿತ್ತು. ಅವತ್ತು ಸಮುದಾಯ ಭವನದಲ್ಲಿ ಸರ್ವೇಯರುಗಳು ಹಾಗೇ ಎಂದೆನಲ್ಲ, ಅದೂ ತಪ್ಪು.

ಬಸವರಾಜ ಎದ್ದು ನಿಂತ. "ಮೇಡಂ, ಆ ಫೋಟೋ ನಾ ಊರ ಗ್ರೂಪ್‌ನ್ಯಾಗ ಹಾಕೀನ್ರಿ. 'ನಮ್ಮ ಎಸಿ ಮೇಡಂ ಸಿಕ್ಕಿದ್ರು' ಅಂತ." ಅಷ್ಟೇ ಹೇಳಿ ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಶಬ್ದ ಬಹಳ ಹೊತ್ತು ಕೇಳಿಸಿತು.

ಗಂಗವ್ವ ಮೆಂತ್ಯ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬ್ಯಾಗಿನಿಂದ ಹಾಳೆಗಳನ್ನು ತೆಗೆದು, ಇಂಥದೊಂದು ಕಥೆ ಬರೆದಿದ್ದೆ, ಅರ್ಜಿಯ ಜೊತೆ ಇಡಬೇಕೆಂದಿದ್ದೇನೆ ಎಂದೆ.

"ಓದ್ರಿ."

ಓದಿದೆ. ಹದಿನಾಲ್ಕು ಪುಟವನ್ನೂ ಓದಿದೆ. ಅವರು ನಡುನಡುವೆ ತಿದ್ದಿದರು. "ಬಾಗಲಾ ಹಸರ ಅಲ್ಲರಿ, ನೀಲಿ." "ಲಂಗ ನಮ್ಮ ಸಣ್ಣ ಮಗಳದು." ಮುದುಕಿ ಮಜ್ಜಿಗೆ ಕೊಡುವ ಜಾಗ ಬಂದಾಗ ಮೆಂತ್ಯ ಬಿಡಿಸುತ್ತಿದ್ದ ಅವರ ಕೈ ನಿಂತಿತು.

"ಅಕಿ ಕಲ್ಲವ್ವ. ಅಕಿ ಮನ್ಯಾಗ ಎಮ್ಮಿ ಎಲ್ಲಿತ್ತು? ಮಜ್ಜಿಗಿ ನಮ್ಮನಿದು. ಎಸಿ ಮೇಡಂ ಬಂದಾರಂತ ಹಿತ್ತಲ ಬಾಗಲ್ದಾಗಿಂದ ಇಸ್ಕೊಂಡು ಹೋದ್ಲು."

ನನ್ನ ಇಪ್ಪತ್ತನಾಲ್ಕು ವರ್ಷದ ಹೆಸರೆಲ್ಲ ಒಬ್ಬಳು ಇಸಿದುಕೊಂಡು ತಂದ ಮಜ್ಜಿಗೆಯ ಮೇಲೆ ನಿಂತಿತ್ತು. "ಕಲ್ಲವ್ವ ಈಗ..." ಎಂದೆ.

"ಹ್ವಾದ ಬ್ಯಾಸಗ್ಯಾಗ ಸತ್ಲು. ಶೆಡ್ಡಿನ್ಯಾಗ. ತಗಡು ಕಾಯ್ತಿತ್ತು. ಮಗಳದಾಳ."

ಓದಿ ಮುಗಿಸಿದೆ. ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಅವರು ಅನ್ನಲಿಲ್ಲ. ಮೆಂತ್ಯದ ಕಡ್ಡಿಗಳನ್ನು ಗುಡ್ಡೆ ಮಾಡಿ ಪಕ್ಕಕ್ಕೆ ಸರಿಸಿ, ಮೊದಲ ಸಲ ನನ್ನನ್ನು ನೇರ ನೋಡಿದರು.

"ಇಷ್ಟ್ ಚಂದ ನೋಡೀರಿ. ಬಾಗಲಾ, ಒಲಿ, ಗಿಂಡಿ, ಎಲ್ಲಾ ನೋಡೀರಿ. ನೋಡಿದಾಕಿನ, ಯಾರೂ ಇಲ್ಲಂತ ಹ್ಯಾಂಗ ಬರದ್ರಿ?"

ಈ ಪ್ರಶ್ನೆಗೆ ರೈಲಿನಲ್ಲಿ ಮೂರು ಉತ್ತರ ತಯಾರು ಮಾಡಿಕೊಂಡಿದ್ದೆ. ಮೂರನ್ನೂ ಬಿಟ್ಟೆ.

"ಓದಲಿಲ್ಲ ಗಂಗವ್ವ. ಓದದೆ ಸಹಿ ಮಾಡಿದೆ."

ಅವರು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ, "ಬಸ್ಯಾ, ನಲ್ಲಿ ಬಂದ್ ಮಾಡು. ಹಾಳಿ ತಗೊಂಡ್ ಬಾ" ಎಂದು ಕೂಗಿದರು. ಬಸವರಾಜ ಕೆಂಪು ಕಣ್ಣಿನಲ್ಲಿ ಬಂದು, ಆಫೀಸಿನ ಚೌಕುಳಿ ಹಾಳೆಯ ಪುಸ್ತಕ ಕೊಟ್ಟ.

"ನಾ ಹೇಳ್ತೀನಿ, ನೀವು ಬರೀರಿ" ಎಂದರು ಗಂಗವ್ವ. "ಹೊಳಿ ಕಡಿಂದ ಹಿಡದು. ಎಡಕ್ಕ ಹದಿನಾರು, ಬಲಕ್ಕ ಹದಿನೈದು."

ಬರೆದೆ. ಯಜಮಾನನ ಹೆಸರು, ಮನೆಯಲ್ಲಿದ್ದ ಜನ, ಯಾರ ಮನೆಯ ಪಕ್ಕ ಯಾರ ಮನೆ. ಎರಡು ಕಡೆ ಅವರಿಗೆ ಮರೆತುಹೋಯಿತು. ಬಸವರಾಜ ಊರಿಗೆ ವಿಡಿಯೋ ಕಾಲ್ ಮಾಡಿ ಕೇಳಿದ. ಅಲ್ಲಿ ಶೆಡ್ಡಿನ ಮುಂದೆ ಏಳೆಂಟು ಜನ ಕೂಡಿಬಿಟ್ಟರು, ಎಲ್ಲರೂ ಒಟ್ಟಿಗೆ ಮಾತಾಡಿದರು. ಅದರ ನಡುವೆ ದೆಹಲಿಯಿಂದ ನನಗೆ ಎರಡು ಸಲ ಫೋನು ಬಂದಿದೆ, ಈಗ ನೋಡಿದೆ. ಸೋಮವಾರ ಮಾಡಿದರಾಯಿತು.

ರೊಟ್ಟಿ ಊಟವಾದಾಗ ಮೂರು ಗಂಟೆ. ಆಮೇಲೆ ಹೇಳಿಕೆಯನ್ನು ಬರೆದೆ, ಒಂದೂವರೆ ಪುಟ. ನಾನು ಆ ಕೇರಿಗೆ ಹೋಗಿದ್ದೆ. ಈ ಮೂವತ್ತೊಂದು ಮನೆಗಳಲ್ಲಿ ಜನ ವಾಸವಿದ್ದದ್ದನ್ನು ಕಂಡಿದ್ದೆ. ಆದರೂ ಪಟ್ಟಿಯನ್ನು ಓದದೆ ಸಹಿ ಮಾಡಿದೆ. ತಪ್ಪು ನನ್ನದು. ಅದರ ಕೆಳಗೆ ಮನೆಗಳ ಪಟ್ಟಿ. ಸಹಿಗೆಂದು ಪೆನ್ನು ಊರಿದಾಗ ಗಂಗವ್ವ ಕೈ ಚಾಚಿ ಪೆನ್ನು ಕಿತ್ತುಕೊಂಡರು.

"ಮೊದಲ ಓದ್ರಿ."

ಓದಿದೆ. ಹೊಳೆಯ ಕಡೆಯಿಂದ, ಒಂದೊಂದೇ ಮನೆ. ಪ್ರತಿ ಹೆಸರಿಗೂ ಅವರು ಕಣ್ಣು ಮುಚ್ಚಿಕೊಂಡೇ "ಹೂಂ" ಎಂದರು. ಹದಿನೆಂಟನೆಯದಕ್ಕೆ "ಹೂಂ" ಬರಲಿಲ್ಲ. ತಪ್ಪೇನೋ ಎಂದು ನೋಡಿದೆ. ಕಲ್ಲವ್ವನ ಮನೆ. ಕಾದೆ. ಸ್ವಲ್ಪ ಹೊತ್ತಿನ ಮೇಲೆ "ಹೂಂ" ಎಂದರು. ಮೂವತ್ತೊಂದು ಮುಗಿಯಲು ಅರ್ಧ ಗಂಟೆ ಹಿಡಿಯಿತು.

ಗಂಗವ್ವ ಕಣ್ಣು ತೆರೆದು ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ಈಗ ಮಾಡ್ರಿ ಸಹಿ."

ಮಾಡಿದೆ.